ಸ್ತ್ರೀಯರ ಕಾಯಕವೂ ಮೂಲಧನದ ರಕ್ಷಣೆಯೂ

ಶರಣಧರ್ಮದಲ್ಲಿ ಕಾಯಕವು ಪುರುಷರಿಗೆ ಮಾತ್ರ ವಿಧಿಸಲ್ಪಟ್ಟುದಲ್ಲ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಕದಿರ ರೆಮ್ಮವ್ವೆಗೆ ನೂಲುವ ಕಾಯಕ, ಕೊಟ್ಟಣದ ಸೋಮಮ್ಮನಿಗೆ ಭತ್ತ ಕುಟ್ಟುವ ಕಾಯಕ. ಕಾಯಕವೇ ಅವರ ಹೆಸರಿನ ಮೊದಲ ಪದವಾಯಿತು. ಆಯ್ದಕ್ಕಿ ಲಕ್ಕಮ್ಮನ ಕಥೆಯಂತೂ ಸರ್ವವಿದಿತವಾದುದು. ಪತಿ ಮಾರಯ್ಯನು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದಳು. ಆತನು ಹಾಗೆಯೇ ನಡೆದುಕೊಂಡನು. ಕಾಯಕಕ್ಕೊಂದು ಅಳತೆಯುಂಟು, ಅದನ್ನು ಕಾಯುವ ಅಧಿಕಾರ ಗೃಹಿಣಿಗೂ ಉಂಟು ಎಂಬುದೇ ಇದರ ತಾತ್ಪರ್ಯ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ಗೃಹಿಣಿಯರಿಗೆ ದುಡಿಮೆ ಹೊಸದಲ್ಲ. ರಾಗಿ, ತೆಂಗು, ಆಲೂಗಡ್ಡೆ ಇಲ್ಲಿಯ ನೆಲದ ಬೆಳೆಗಳು. ರಾಗಿಯ ಹುರಿಹಿಟ್ಟು, ಹಪ್ಪಳ, ಸಂಡಿಗೆ, ಕೊಬ್ಬರಿ ಎಣ್ಣೆ ಇವುಗಳ ಹದವನ್ನು ಅವರು ತಾಯಂದಿರಿಂದಲೇ ಕಲಿತಿರುವರು. ಅವರಿಗೆ ಬೇಕಾದುದು ಲೆಕ್ಕ, ಮಾರುಕಟ್ಟೆಯ ಪರಿಚಯ ಮತ್ತು ಬೆನ್ನ ಹಿಂದೆ ನಿಲ್ಲುವ ಮಾರ್ಗದರ್ಶಕರು.

ಈ ಕೊರತೆಯನ್ನು ತುಂಬುವ ಪ್ರಯತ್ನಗಳು ಈ ನಾಡಿನಲ್ಲಿಯೇ ಮೊದಲಾದುವು. 1982ರಲ್ಲಿ ಉಜಿರೆಯಲ್ಲಿ ಸ್ವ ಉದ್ಯೋಗ ತರಬೇತಿಯ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. 1983ರಲ್ಲಿ ಬೆಂಗಳೂರಿನ ಮಹಿಳಾ ಉದ್ಯಮಿಗಳು ‘ಅವೇಕ್’ ಸಂಘವನ್ನು ಕಟ್ಟಿ, ಹೊಸಬರಿಗೆ ತಾವೇ ದಾರಿ ತೋರತೊಡಗಿದರು. 2000-01ರಿಂದ ಸ್ತ್ರೀಶಕ್ತಿ ಸಂಘಗಳು ಹಳ್ಳಿಹಳ್ಳಿಗಳಲ್ಲಿ ಉಳಿತಾಯವನ್ನು ಕಲಿಸಿದುವು. ಉಜಿರೆಯ ಮಾದರಿಯನ್ನೇ ಕೇಂದ್ರ ಸರಕಾರವು 2009ರಲ್ಲಿ ದೇಶದ ಜಿಲ್ಲೆಗಳಿಗೆ ವಿಸ್ತರಿಸಿತು. ಇಂತಹ ಸಂಸ್ಥೆಗಳಲ್ಲಿ ಊಟ, ವಸತಿ, ಶಿಕ್ಷಣ ಉಚಿತ. ಶಿಬಿರ ಮುಗಿದ ಮೇಲೆಯೂ ಎರಡು ವರ್ಷಗಳ ಕಾಲ ಕಲಿತವರ ಕ್ಷೇಮವನ್ನು ವಿಚಾರಿಸುವುದು ಅವುಗಳ ನಿಯಮ. ಕೆಲವು ದಿನಗಳ ಶಿಕ್ಷಣಕ್ಕಿಂತ ಈ ಎರಡು ವರ್ಷಗಳೇ ಮುಖ್ಯ. ಏಕೆಂದರೆ ಉದ್ಯೋಗವು ಕೆಡುವುದು ಕೈಯ ಅಜ್ಞಾನದಿಂದಲ್ಲ, ಗಂಟಿನ ಗೊಂದಲದಿಂದ.

ದೃಷ್ಟಾಂತವಾಗಿ ಹಪ್ಪಳದ ಲೆಕ್ಕವನ್ನು ನೋಡಬಹುದು. ಉದ್ದು ಮೊದಲಾದ ಸಾಮಗ್ರಿಗೆ 1,000 ರೂಪಾಯಿ. ಸೌದೆ, ಚೀಲ, ಬಸ್ಸಿನ ಬಾಡಿಗೆಗೆ 200. ಮಾರಾಟದಿಂದ ಬಂದುದು 1,500. ಮನೆಯವರು ಸಾಮಗ್ರಿಯ ಬೆಲೆಯನ್ನಷ್ಟೇ ಕಳೆದು, 500 ಲಾಭವೆಂದು ತಿಳಿದು ಖರ್ಚು ಮಾಡಿಬಿಡುವರು. ನಿಜವಾದ ಲಾಭ 300. ಅದೂ ನಾಲ್ಕು ದಿನದ ದುಡಿಮೆಯಾದರೆ ದಿನಕ್ಕೆ 75 ರೂಪಾಯಿಯ ಕೂಲಿಯಷ್ಟೇ. ಎರಡನೆಯ ಸುತ್ತಿಗೆ 200 ರೂಪಾಯಿ ಕೊರತೆ. ಹೀಗೆ ನಾಲ್ಕಾರು ಸುತ್ತುಗಳು ಕಳೆಯುವಷ್ಟರಲ್ಲಿ ಮೂಲಧನವೇ ಕರಗಿ, ಸಂಘದ ಸಾಲ ಮಾತ್ರ ಉಳಿಯುವುದು. ಆಗ ಜನರು “ಹೆಂಗಸರಿಗೇಕೆ ವ್ಯಾಪಾರ?” ಎನ್ನುವರು. ತಪ್ಪು ಆಕೆಯದಲ್ಲ, ಗಂಟಿಗೆ ಕೈಹಾಕಿದವರದು.

ಆದುದರಿಂದ ಮಾರ್ಗದರ್ಶನವು ಗೃಹಿಣಿಗೆಷ್ಟು ಬೇಕೋ ಗೃಹಸ್ಥನಿಗೂ ಅಷ್ಟೇ ಬೇಕು. ಮೂಲಧನದ ಪೆಟ್ಟಿಗೆ ಬೇರೆ, ಸಂಸಾರದ ಪೆಟ್ಟಿಗೆ ಬೇರೆ ಇರಲಿ. ಪ್ರತಿ ಸಂಜೆಯೂ ಕೊಂಡುದು, ಮಾರಿದುದು, ಕಡ ಕೊಟ್ಟುದು ಪುಸ್ತಕದಲ್ಲಿ ಬರೆಯಲ್ಪಡಲಿ. ತನ್ನ ಶ್ರಮಕ್ಕೂ ಬೆಲೆಯಿಟ್ಟು ಆಕೆ ದರವನ್ನು ನಿಶ್ಚಯಿಸಲಿ. ಮೂಲಧನವನ್ನು ತೆಗೆದಿರಿಸಿ ಉಳಿದುದರಲ್ಲಿ ಮಾತ್ರ ಸಂಸಾರವೂ ದಾಸೋಹವೂ ನಡೆಯಲಿ. ಮೊದಲು ನೆಲೆಗೊಂಡ ಒಬ್ಬಾಕೆಯು ನೆರೆಯ ಇಬ್ಬರಿಗೆ ಈ ಲೆಕ್ಕವನ್ನು ಕಲಿಸಿದರೆ, ಅದು ವಿದ್ಯೆಯ ದಾಸೋಹವೇ ಸರಿ.

ಮಾರಯ್ಯನು ಪತ್ನಿಯ ಮಾತಿಗೆ ಮರಳಿ ಹೋದುದರಿಂದ ಚಿಕ್ಕವನಾಗಲಿಲ್ಲ. ಪೆಟ್ಟಿಗೆಯ ಕಡೆಗೆ ಕೈ ಚಾಚಿದಾಗ ಮನೆಯಾಕೆ “ಬೇಡ” ಎಂದರೆ, ಆ ಕೈಯನ್ನು ಹಿಂತೆಗೆದುಕೊಳ್ಳುವುದು ಇಂದಿನ ಗೃಹಸ್ಥನ ಶರಣಮಾರ್ಗ.