ಅನುಭವಕ್ಕೆ ಕ್ರೆಡಿಟ್: ದುಡ್ಡು ಕಟ್ಟುವ ಮುನ್ನ ತಿಳಿದಿರಬೇಕಾದ ಕಾನೂನು

‘ನಿಮ್ಮ ಅನುಭವಕ್ಕೆ ಡಿಗ್ರಿ, ಕ್ಲಾಸಿಗೆ ಬರಬೇಕಿಲ್ಲ’ ಎಂಬ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಒಂದು ಮೊಬೈಲ್ ನಂಬರ್ ಇರುತ್ತದೆ, ವಿಶ್ವವಿದ್ಯಾಲಯದ ಹೆಸರು ಇರುವುದಿಲ್ಲ. ಮೋಸ ಎಂದು ಗುರುತಿಸಲು ಅಷ್ಟೇ ಸಾಕು. ಆದರೂ ಜನ ನಂಬುತ್ತಾರೆ, ಏಕೆಂದರೆ ಅದರೊಳಗೆ ಅರ್ಧ ಸತ್ಯವಿದೆ. ತರಗತಿಯ ಹೊರಗೆ ಕಲಿತದ್ದಕ್ಕೂ ಬೆಲೆ ಕಟ್ಟಬೇಕು, ಅದನ್ನು ಪದವಿಯ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು ಎಂಬ ಮಾತು ಈಗ ಸರ್ಕಾರದ ದಾಖಲೆಗಳಲ್ಲೇ ಇದೆ. ಪೀಣ್ಯದಲ್ಲಿ ಹನ್ನೆರಡು ವರ್ಷ ಲೇತ್ ನಡೆಸಿದವನು, ನರ್ಸಿಂಗ್ ಹೋಮ್‌ನಲ್ಲಿ ಆಯಾ ಆಗಿ ಸೇರಿ ಎಲ್ಲ ಕೆಲಸ ಕಲಿತವಳು ‘ನಮ್ಮ ಕಲಿಕೆಗೆ ಲೆಕ್ಕವೇ ಇಲ್ಲವೇ?’ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಕಾನೂನಿನಲ್ಲಿ ಅದಕ್ಕೆ ಉತ್ತರ ಎಷ್ಟಿದೆ, ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನಷ್ಟೇ ಇಲ್ಲಿ ನೋಡೋಣ.

ಮೊದಲು ಮೂರು ಸಂಗತಿಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ: ಪ್ರಮಾಣಪತ್ರ, ಕ್ರೆಡಿಟ್, ಪದವಿ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ‘ಆರ್‌ಪಿಎಲ್’ ಎಂಬ ವಿಭಾಗವಿದೆ. ಕೆಲಸ ಬಲ್ಲವರನ್ನು ಪರೀಕ್ಷಿಸಿ, ಇಂಥ ಮಟ್ಟದ ಕೌಶಲ ಇವರಿಗಿದೆ ಎಂದು ಬರೆದುಕೊಡುತ್ತಾರೆ. ಅದು ಪ್ರಮಾಣಪತ್ರ. ಅದನ್ನು ನೋಡಿ ಕಾಲೇಜೊಂದು ‘ಇಷ್ಟು ವಿಷಯ ನೀವು ಮತ್ತೆ ಓದಬೇಕಿಲ್ಲ’ ಎಂದರೆ ಅದು ಕ್ರೆಡಿಟ್. ಬೇಕಾದಷ್ಟು ಕ್ರೆಡಿಟ್ ತುಂಬಿದ ಮೇಲೆ ವಿಶ್ವವಿದ್ಯಾಲಯ ಕೊಡುವುದು ಪದವಿ. ಒಂದು ಇದೆಯೆಂದು ಇನ್ನೊಂದು ತಾನಾಗಿ ಬರುವುದಿಲ್ಲ. ದಲ್ಲಾಳಿಗಳ ವ್ಯಾಪಾರವೆಲ್ಲ ಈ ಮೂರನ್ನು ಕಲಸಿ ಹೇಳುವುದರ ಮೇಲೇ ನಡೆಯುತ್ತದೆ.

ಕ್ರೆಡಿಟ್‌ನ ಲೆಕ್ಕ ಸರಳ. 2023ರ ಏಪ್ರಿಲ್‌ನಲ್ಲಿ ಹೊರಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್, ವರ್ಷಕ್ಕೆ 1200 ಗಂಟೆಗೆ 40 ಕ್ರೆಡಿಟ್. ಶಾಲೆ, ಕಾಲೇಜು, ಕೌಶಲ ತರಬೇತಿ, ಕೆಲಸದ ಅನುಭವ ಎಲ್ಲವನ್ನೂ ಒಂದೇ ಅಳತೆಗೆ ತರುವುದು ಅದರ ಉದ್ದೇಶ. ಇಲ್ಲೊಂದು ಎಚ್ಚರ ಬೇಕು. ಹತ್ತು ವರ್ಷ ದುಡಿದ ಗಂಟೆಗಳನ್ನು 30ರಿಂದ ಭಾಗಿಸಿ ಕ್ರೆಡಿಟ್ ಕೇಳಲಾಗದು. ಮೌಲ್ಯಮಾಪನ ನಡೆದ ಕಲಿಕೆಗೆ ಮಾತ್ರ ಕ್ರೆಡಿಟ್. ಅದೇ ಚೌಕಟ್ಟಿನಲ್ಲಿ ಮಟ್ಟಗಳೂ ಇವೆ: ಹನ್ನೆರಡನೇ ತರಗತಿ 4ನೇ ಮಟ್ಟ, ಮೂರು ವರ್ಷದ ಪದವಿ 5.5. ಹಾಗೆಂದು 4ನೇ ಮಟ್ಟದ ಎಲೆಕ್ಟ್ರಿಷಿಯನ್ ಪ್ರಮಾಣಪತ್ರ ತೋರಿಸಿ ‘ನಾನು ಪಿಯುಸಿ ಪಾಸ್’ ಎಂದರೆ ಪ್ರವೇಶ ವಿಭಾಗ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಭಾಷೆ ಮೊದಲಾದ ವಿಷಯಗಳನ್ನು ಪಾಸು ಮಾಡಿ ಶೈಕ್ಷಣಿಕ ತತ್ಸಮಾನತೆ ಪಡೆಯಬೇಕು. ಐಟಿಐ ಮುಗಿಸಿದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಆ ದಾರಿ ಇದೆ.

ಗಳಿಸಿದ ಕ್ರೆಡಿಟ್ ಜಮೆಯಾಗುವುದು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಇದಕ್ಕೆಂದು ನಿಯಮಾವಳಿ ಹೊರಡಿಸಿದ್ದು 2021ರ ಜುಲೈಯಲ್ಲಿ. ಡಿಜಿಲಾಕರ್‌ನಲ್ಲಿ ಖಾತೆ ತೆರೆದರೆ 12 ಅಂಕಿಯ ಸಂಖ್ಯೆ ಸಿಗುತ್ತದೆ. ಈಗ ಅದನ್ನೇ ಅಪಾರ್ ಐಡಿ ಎನ್ನುತ್ತಾರೆ. ಆ ಖಾತೆಗೆ ನೀವೇ ಏನನ್ನೂ ಹಾಕಲಾಗುವುದಿಲ್ಲ. ನೋಂದಾಯಿತ ಸಂಸ್ಥೆಯೇ ನೇರವಾಗಿ ಜಮೆ ಮಾಡಬೇಕು, ವಿದ್ಯಾರ್ಥಿ ತಂದುಕೊಡುವ ಕಾಗದವನ್ನು ಬ್ಯಾಂಕ್ ಸ್ವೀಕರಿಸುವುದಿಲ್ಲ. ಕ್ರೆಡಿಟ್‌ನ ಆಯುಷ್ಯ ಹೆಚ್ಚೆಂದರೆ ಏಳು ವರ್ಷ. ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು ಎಂಬ ಷರತ್ತೂ ಅದೇ ನಿಯಮಾವಳಿಯಲ್ಲಿತ್ತು. ಪೂರ್ತಿ ಪದವಿಯನ್ನು ಅನುಭವದ ಮೇಲೇ ಕೊಡಿಸುತ್ತೇವೆ ಎನ್ನುವವರ ಬಾಯಿ ಮುಚ್ಚಿಸಲು ಈ ಒಂದು ಷರತ್ತು ಸಾಕು.

ಇನ್ನು ಹಕ್ಕಿನ ಮಾತು. ‘ನನ್ನ ಅನುಭವಕ್ಕೆ ಕ್ರೆಡಿಟ್ ಕೊಡಲೇಬೇಕು’ ಎಂದು ಯಾವ ವಿಶ್ವವಿದ್ಯಾಲಯವನ್ನಾದರೂ ಒತ್ತಾಯಿಸುವ ಹಕ್ಕು ಇಂದಿಗೂ ನಿಮಗಿಲ್ಲ. ಕೇಳಿದಾಗ ಕಾರಣಸಹಿತ ಉತ್ತರ ಪಡೆಯುವ ಹಕ್ಕಿದೆ. ಸಂಸ್ಥೆ ತಾನೇ ಒಪ್ಪಿಕೊಂಡ ನಿಯಮವನ್ನು ನಿಮ್ಮೊಬ್ಬರಿಗೆ ಮಾತ್ರ ಅನ್ವಯಿಸದಿದ್ದರೆ ಪ್ರಶ್ನಿಸುವ ಹಕ್ಕೂ ಇದೆ. ಆದ್ದರಿಂದ ನಿಮ್ಮ ಮುಂದಿರುವ ದಾಖಲೆ ಯಾವ ಜಾತಿಯದು ಎಂದು ಮೊದಲು ನೋಡಿ. ಯುಜಿಸಿ ಕಾಯ್ದೆಯ 26ನೇ ಕಲಮಿನಡಿ ಹೊರಡುವ ನಿಯಮಾವಳಿಗೆ ಶಾಸನದ ಬಲವಿದೆ. ಮಾರ್ಗಸೂಚಿಗೆ ಸಾಮಾನ್ಯವಾಗಿ ಆ ಬಲ ಇಲ್ಲ. 2020ರ ಕೋವಿಡ್ ಪರೀಕ್ಷೆಗಳ ಪ್ರಕರಣದಲ್ಲಿ ಮಾರ್ಗಸೂಚಿಗೂ ಶಾಸನಬಲವಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದುಂಟು, ಆದರೆ ಅದರ ಬೇರು ಒಂದು ನಿಯಮಾವಳಿಯಲ್ಲಿತ್ತು. ಕ್ರೆಡಿಟ್ ಚೌಕಟ್ಟನ್ನು ಪ್ರತಿ ವಿಶ್ವವಿದ್ಯಾಲಯವೂ ತನ್ನ ವಿದ್ಯಾವಿಷಯಕ ಪರಿಷತ್ತಿನಲ್ಲಿ ಒಪ್ಪಿ, ತನ್ನ ನಿಯಮಗಳಲ್ಲಿ ಸೇರಿಸಿಕೊಂಡ ಮೇಲೆಯೇ ಅದು ನಿಮ್ಮ ಕೈಗೆ ಎಟಕುತ್ತದೆ. ಸರ್ಕಾರ ಚೌಕಟ್ಟು ಪ್ರಕಟಿಸಿ ವಿಶ್ವವಿದ್ಯಾಲಯಗಳ ಮೇಲೆ ಬಿಟ್ಟಿದೆ, ಅವು ಒಂದನ್ನೊಂದು ನೋಡುತ್ತ ಕುಳಿತಿವೆ ಎಂಬುದು ನನ್ನ ಅಭಿಪ್ರಾಯ.

ಕರ್ನಾಟಕದಲ್ಲಿ ಇನ್ನೊಂದು ತೊಡಕು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021-22ರಲ್ಲಿ ಮೊದಲಿಗೇ ಜಾರಿಗೆ ತಂದ ರಾಜ್ಯ ನಮ್ಮದು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದೂ ನಾವೇ. ಆ ನೀತಿ ಕೊಟ್ಟಿದ್ದ, ಪದವಿಯನ್ನು ನಡುವೆ ಬಿಟ್ಟು ಮತ್ತೆ ಸೇರುವ ಅವಕಾಶ ಇದೆಯೇ ಇಲ್ಲವೇ ಎಂಬುದು ನೀವು ಯಾವ ವರ್ಷದ ಬ್ಯಾಚ್ ಎಂಬುದರ ಮೇಲೆ ನಿಂತಿದೆ. ಪಕ್ಕದ ಮನೆಯ ಹುಡುಗನಿಗೆ ಸಿಕ್ಕಿತೆಂದು ನಿಮಗೂ ಸಿಗುತ್ತದೆ ಎಂದುಕೊಳ್ಳಬೇಡಿ.

ಹಾಗಾದರೆ ಇವತ್ತು ನಿಜವಾಗಿ ತೆರೆದಿರುವ ಬಾಗಿಲು ಯಾವುವು? ಎಲ್ಲಕ್ಕಿಂತ ಗಟ್ಟಿಯಾದದ್ದು ‘ಸ್ವಯಂ’. ಕೇಂದ್ರದ ಈ ಆನ್‌ಲೈನ್ ವೇದಿಕೆಯಲ್ಲಿ ಪಾಠ ಉಚಿತ, ಪರೀಕ್ಷೆಗಷ್ಟೇ ಶುಲ್ಕ. 2021ರ ಯುಜಿಸಿ ನಿಯಮಾವಳಿಯ ಪ್ರಕಾರ ಒಂದು ಸೆಮಿಸ್ಟರಿನ ಶೇ. 40ರಷ್ಟು ಕೋರ್ಸ್‌ಗಳನ್ನು ಇಲ್ಲಿಂದ ಮಾಡಬಹುದು. 2016ರಲ್ಲಿ ಈ ಮಿತಿ ಶೇ. 20 ಇತ್ತು. ಐಐಟಿಗಳು ಮತ್ತು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್‌ನ 12 ವಾರದ ಕೋರ್ಸಿಗೆ ಸಾಮಾನ್ಯವಾಗಿ 3 ಕ್ರೆಡಿಟ್. ಆದರೆ ಕೋರ್ಸ್ ನಿಮ್ಮ ವಿಶ್ವವಿದ್ಯಾಲಯ ಒಪ್ಪಿದ ಪಟ್ಟಿಯಲ್ಲಿರಬೇಕು. ಪಟ್ಟಿ ನೋಡದೆ ಸೇರಿ, ಪಾಸಾಗಿ, ಆಮೇಲೆ ವಿಭಾಗದ ಮುಖ್ಯಸ್ಥರ ಮುಂದೆ ಪ್ರಮಾಣಪತ್ರ ಹಿಡಿದು ನಿಲ್ಲುವವರೇ ಹೆಚ್ಚು.

ಕೆಲಸದಲ್ಲಿ ಕಲಿತದ್ದಕ್ಕೆ ಪದವಿಯ ಲೆಕ್ಕದಲ್ಲಿ ಸ್ಪಷ್ಟ ಪಾಲು ಕೊಟ್ಟ ಉದಾಹರಣೆ ಬೇಕೆಂದರೆ ಅಗ್ನಿವೀರರದ್ದಿದೆ. 2022ರ ಜೂನ್‌ನಲ್ಲಿ ಪ್ರಕಟವಾದ ಯೋಜನೆಯಂತೆ ಇಗ್ನೋ ಅವರಿಗೆ ಮೂರು ವರ್ಷದ ಪದವಿ ಕೊಡುತ್ತದೆ. ಅದರ ಅರ್ಧ ಕ್ರೆಡಿಟ್ ಸೇನೆಯಲ್ಲಿ ಪಡೆದ ತರಬೇತಿಯಿಂದಲೇ ಬರುತ್ತದೆ, ಉಳಿದರ್ಧವನ್ನು ಓದಿ ಗಳಿಸಬೇಕು. ಬೆಳಗಾವಿಯ ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಮುಗಿಸಿದ ಹುಡುಗನ ಕಲಿಕೆಗೆ ಅಳತೆಗೋಲು ಸಿಗುವುದಾದರೆ ಇಳಕಲ್ಲಿನ ನೇಕಾರನ ಕಲಿಕೆಗೆ ಏಕಿಲ್ಲ ಎಂದು ಕೇಳಬೇಕಾದ ಜಾಗ ಇದು. ಸೇನೆಯ ತರಬೇತಿಗೆ ಪಠ್ಯ, ಗಂಟೆ, ಪರೀಕ್ಷೆ, ದಾಖಲೆ ಎಲ್ಲ ಇವೆ. ನೇಕಾರನ ಬಳಿ ಇರುವುದು ಸೀರೆ ಮಾತ್ರ.

ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾದವರು ಡಿಸಿಇಟಿ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುವ ‘ಲ್ಯಾಟರಲ್ ಎಂಟ್ರಿ’ ಎಲ್ಲರಿಗೂ ಗೊತ್ತಿರುವುದೇ. ಕಾಲೇಜಿನಲ್ಲೇ ಇರುವವರಿಗೆ ಎನ್‌ಸಿಸಿಯನ್ನೂ ಕ್ರೆಡಿಟ್ ಕೋರ್ಸ್ ಆಗಿ ತೆಗೆದುಕೊಳ್ಳಲು ಯುಜಿಸಿ 2021ರಲ್ಲಿ ಅವಕಾಶ ಮಾಡಿದೆ.

ಕ್ರೆಡಿಟ್ ಕೇಳುವ ಕ್ರಮ ಹೀಗೆ. ಕೌಂಟರಿನಲ್ಲಿ ಬಾಯಿಮಾತಲ್ಲಿ ವಿಚಾರಿಸಿ ಬರಬೇಡಿ. ಕುಲಸಚಿವರ ಹೆಸರಿಗೆ ಅರ್ಜಿ ಬರೆಯಿರಿ. ಯಾವ ಕೋರ್ಸಿನ ಬದಲಿಗೆ ಯಾವ ಕಲಿಕೆಯನ್ನು ಪರಿಗಣಿಸಬೇಕು ಎಂದು ಹೆಸರಿಸಿ. ಸೇವಾ ಪ್ರಮಾಣಪತ್ರ, ಪಿಎಫ್ ಅಥವಾ ಇಎಸ್‌ಐ ದಾಖಲೆ, ತರಬೇತಿಯ ಪಠ್ಯಕ್ರಮ, ಆರ್‌ಪಿಎಲ್ ಪ್ರಮಾಣಪತ್ರ, ಮಾಡಿದ ಕೆಲಸದ ಫೋಟೊ ಲಗತ್ತಿಸಿ. ಇವುಗಳಲ್ಲಿ ಪಠ್ಯಕ್ರಮದ ಪ್ರತಿಯೇ ಹೆಚ್ಚು ಉಪಯುಕ್ತ, ಹೆಚ್ಚಿನವರು ತರದೇ ಇರುವುದೂ ಅದನ್ನೇ. ಟಪಾಲು ವಿಭಾಗದಲ್ಲಿ ಕೊಟ್ಟು ಎರಡನೇ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ‘ಆಗುವುದಿಲ್ಲ’ ಎಂದರೆ ಲಿಖಿತ ಹಿಂಬರಹ ಕೇಳಿ. ಮುಂದಿನ ಯಾವ ಮೆಟ್ಟಿಲಿಗೂ ಆ ಹಿಂಬರಹವೇ ಆಧಾರ.

ಹಿಂಬರಹ ಕೊಡದೆ ಸತಾಯಿಸಿದರೆ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ, 150 ಪದಗಳೊಳಗೆ ಇರಬೇಕು. ‘ನನಗೇಕೆ ಕೊಡಲಿಲ್ಲ?’ ಎಂದು ಬರೆದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕಬಹುದು. ‘ಕ್ರೆಡಿಟ್ ವರ್ಗಾವಣೆ ಕುರಿತ ವಿದ್ಯಾವಿಷಯಕ ಪರಿಷತ್ತಿನ ನಿರ್ಣಯದ ಪ್ರತಿ ಹಾಗೂ ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ’ ಎಂದು ಬರೆಯಿರಿ.

ನೀವು ಈಗಾಗಲೇ ವಿದ್ಯಾರ್ಥಿಯಾಗಿದ್ದರೆ 2023ರ ಯುಜಿಸಿ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಾವಳಿ ನೆರವಿಗಿದೆ. ಪ್ರತಿ ಸಂಸ್ಥೆಯಲ್ಲೂ ಸಮಿತಿ ಇರಬೇಕು. ದೂರು ಬಂದ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕೆಂಬ ನಿರೀಕ್ಷೆ. ತೃಪ್ತಿಯಾಗದಿದ್ದರೆ 15 ದಿನಗಳೊಳಗೆ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಕೊನೆಯ ಮೆಟ್ಟಿಲು ಹೈಕೋರ್ಟಿನ ರಿಟ್ ಅರ್ಜಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಕೋರ್ಟಿಗೆ ಹೋದರೆ ಅನುಕಂಪದ ಮೇಲೆ ಗೆಲ್ಲಬಹುದು ಎಂದು ಎಣಿಸಬೇಡಿ. ಮೂಲ ಪದವಿ ಇಲ್ಲದೆ ಮುಕ್ತ ಪದ್ಧತಿಯಲ್ಲಿ ನೇರವಾಗಿ ಪಡೆದ ಎಂ.ಎ. ಊರ್ಜಿತವಲ್ಲ ಎಂದು ಸುಪ್ರೀಂ ಕೋರ್ಟ್ 2009ರ ಅಣ್ಣಾಮಲೈ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಹೇಳಿತು. ಒಪ್ಪಿಗೆ ಇಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟ ಇಂಜಿನಿಯರಿಂಗ್ ಪದವಿಗಳನ್ನು 2017ರಲ್ಲಿ ಅಮಾನತಿನಲ್ಲಿಟ್ಟಿತು. ಆ ಪದವಿಯ ಮೇಲೆ ಕೆಲಸ, ಬಡ್ತಿ ಪಡೆದವರೂ ಅದರಲ್ಲಿದ್ದರು. ನಮ್ಮ ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೇ 2013-14ರಿಂದ ಮಾನ್ಯತೆ ತಪ್ಪಿ, 2018-19ರಿಂದ ಮರಳಿ ಸಿಕ್ಕಿತು; ನಡುವಿನ ಬ್ಯಾಚ್‌ಗಳವರು ಪಟ್ಟ ಪಾಡು ರಾಜ್ಯಕ್ಕೇ ಗೊತ್ತು. ಆದ್ದರಿಂದ ಸೇರುವ ವರ್ಷಕ್ಕೆ, ಸೇರುವ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ನೋಡಿ. ಫ್ರಾಂಚೈಸಿ ಮೂಲಕ ದೂರಶಿಕ್ಷಣದ ಕೋರ್ಸ್ ನಡೆಸುವುದು ನಿಷಿದ್ಧ. ಜೆರಾಕ್ಸ್ ಅಂಗಡಿಯ ಮಹಡಿಯ ಮೇಲಿನ ‘ಸ್ಟಡಿ ಸೆಂಟರ್’ನ ರಸೀದಿಗೆ ಬೆಲೆ ಇಲ್ಲ. ಪದವಿ ಕೊಡುವ ಅಧಿಕಾರ ಯಾರಿಗಿದೆ ಎಂದು ಯುಜಿಸಿ ಕಾಯ್ದೆಯ 22ನೇ ಕಲಮು ಹೇಳುತ್ತದೆ. ಅದನ್ನು ಮುರಿದವರಿಗೆ 24ನೇ ಕಲಮಿನಡಿ ದಂಡ ಗರಿಷ್ಠ ಒಂದು ಸಾವಿರ ರೂಪಾಯಿ! ನಕಲಿಗಳು ಹೆದರದಿರುವುದು ಸುಮ್ಮನೆ ಅಲ್ಲ.

ಸರ್ಕಾರಿ ಕೆಲಸದ ಆಸೆಯಿಂದ ಇದೆಲ್ಲ ಮಾಡುವವರಿಗೆ ಇನ್ನೊಂದು ಮಾತು. ಒಂದು ಅರ್ಹತೆ ಇನ್ನೊಂದಕ್ಕೆ ಸಮಾನವೇ ಎಂದು ತೀರ್ಮಾನಿಸುವುದು ನೇಮಕಾತಿ ಪ್ರಾಧಿಕಾರ; ಕೋರ್ಟು ಆ ತೀರ್ಮಾನದಲ್ಲಿ ಸುಲಭಕ್ಕೆ ಕೈಹಾಕುವುದಿಲ್ಲ. ಅಧಿಸೂಚನೆಯಲ್ಲಿ ‘ತತ್ಸಮಾನ’ ಎಂಬ ಪದ ಇದೆಯೇ ಎಂದು ಓದಿ ನೋಡಿ.

ಕೊನೆಗೆ, ಯಾವ ಸಂಸ್ಥೆಯೇ ಆಗಲಿ, ಎಷ್ಟು ಕ್ರೆಡಿಟ್ ಕೊಡುತ್ತೇವೆ, ಯಾವ ಕೋರ್ಸುಗಳಿಂದ ವಿನಾಯಿತಿ, ಯಾವ ನಿಯಮದಡಿ ಎಂಬ ಮೂರನ್ನೂ ತನ್ನ ಲೆಟರ್‌ಹೆಡ್ಡಿನಲ್ಲಿ ಕುಲಸಚಿವರ ಸಹಿಯೊಡನೆ ಬರೆದುಕೊಡುವ ತನಕ ಶುಲ್ಕ ಕಟ್ಟಬೇಡಿ.