ಸಭೆಯ ಹಿರಿಯರೂ ಅವರ ಪುಸ್ತಕಗಳೂ

ಅಪೊಸ್ತಲನಾದ ಪೌಲನು ಸೆರೆಯಲ್ಲಿದ್ದು, ತನ್ನ ಕಾಲವು ತೀರುತ್ತ ಬಂತೆಂದು ಬಲ್ಲವನಾಗಿ, ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕಡೇ ಅಧ್ಯಾಯದಲ್ಲಿ ಒಂದು ಚಿಕ್ಕ ಬೇಡಿಕೆಯುಂಟು. ಚಳಿಗಾಲಕ್ಕೆ ಮುಂಚೆ ತನ್ನ ಮೇಲುಹೊದಿಕೆಯೂ ಅದರ ಸಂಗಡ ತನ್ನ ಪುಸ್ತಕಗಳೂ ತನಗೆ ಬೇಕೆಂದು ಅವನು ಕೇಳುತ್ತಾನೆ. ಮೈಗೆ ಹೊದಿಕೆಯು ಎಷ್ಟು ಅವಶ್ಯವೋ ಸೇವಕನ ಮನಸ್ಸಿಗೆ ಪುಸ್ತಕವೂ ಅಷ್ಟೇ ಅವಶ್ಯವೆಂಬದು ಇದರಿಂದ ತಿಳಿದುಬರುತ್ತದೆ. ಈ ಸ್ಮರಣ ಸಂಚಿಕೆಯ ಮೂಲಕ ನಮ್ಮ ಹಳೇ ವಿದ್ಯಾರ್ಥಿನಿಯರೊಡನೆಯೂ ಪಾಲಕರೊಡನೆಯೂ ಇದೇ ವಿಷಯವಾಗಿ ನಾಲ್ಕು ಮಾತು ಆಡಬಯಸುತ್ತೇವೆ.

ಕೆಲವು ವರ್ಷಗಳ ಹಿಂದೆ, ಮಳೆಗಾಲದಲ್ಲಿ, ಶಿರಹಟ್ಟಿಯ ಕಡೆಯ ಒಂದು ಹಳ್ಳಿಯಲ್ಲಿ ಮೂರು ತಿಂಗಳ ಕೂಸೊಂದು ತೀರಿಕೊಂಡಿತು. ಹಳ್ಳ ತುಂಬಿ ಹರಿಯುತ್ತಿದ್ದುದರಿಂದ ಸಭಾಪಾಲಕರು ಬರುವಂತಿರಲಿಲ್ಲ. ಸಭೆಯ ಹಿರಿಯನು ಭಕ್ತಿವಂತನು. ಆದರೆ ಅವನ ಮನೆಯಲ್ಲಿ ಆರಾಧನಾಕ್ರಮದ ಪುಸ್ತಕವಿರಲಿಲ್ಲ. ಇದ್ದ ಒಂದು ಪ್ರತಿಯನ್ನು ಗೆದ್ದಲು ತಿಂದಿತ್ತು. ಬಾಣಂತಿತನಕ್ಕೆಂದು ತವರಿಗೆ ಬಂದಿದ್ದ ನಮ್ಮ ಹಳೇ ವಿದ್ಯಾರ್ಥಿನಿಯೊಬ್ಬಳ ಪೆಟ್ಟಿಗೆಯಲ್ಲಿ ಆ ಪುಸ್ತಕವಿತ್ತು. ಅವಳೇ ಓದಿದಳು, ತಾಯಿಯು ಕೇಳಿ ಸಮಾಧಾನ ಹೊಂದಿದಳು. ನಾವು ಮುಂದೆ ಆ ಊರಿಗೆ ಹೋದಾಗ ಹಿರಿಯನು ಹೇಳಿದ್ದಿಷ್ಟು: "ಅಕ್ಕಾರ, ನಮ್ಮನ್ನ ಹಿರೇರು ಅಂತಾರ್ರಿ. ಅವತ್ತ ಆ ಹುಡುಗಿ ಇರದಿದ್ರ ನಾ ಏನ್ ಹೇಳಿ ಮಣ್ಣ ಮಾಡಬೇಕಾಗಿತ್ರಿ?" ಈ ಪ್ರಶ್ನೆಯು ನಮ್ಮನ್ನು ಇಂದಿಗೂ ಬಿಟ್ಟಿಲ್ಲ.

ನಮ್ಮ ನಾಡಿನಲ್ಲಿ ಇಂಥ ಪುಸ್ತಕಗಳಿಗೆ ಕೊರತೆ ಇರಬಾರದಾಗಿತ್ತು. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸರು 1810ರಲ್ಲಿ ಕೆಲಸವನ್ನಾರಂಭಿಸಿದರು. 1831ರ ಹೊತ್ತಿಗೆ ಸಂಪೂರ್ಣ ಸತ್ಯವೇದವು ಕನ್ನಡದಲ್ಲಿ ದೊರೆಯಿತು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ 1841ರಲ್ಲಿ ನಮ್ಮ ಬೆಟಗೇರಿಯಲ್ಲಿಯೂ ನೆಲೆಗೊಂಡರು. ಮಂಗಳೂರಿನ ಕಲ್ಲಚ್ಚಿನಲ್ಲಿ ಮೊಗ್ಲಿಂಗರು 1843ರಲ್ಲಿ "ಮಂಗಳೂರ ಸಮಾಚಾರ"ವನ್ನು ಹೊರಡಿಸಿದ್ದು ಎಲ್ಲರಿಗೂ ಗೊತ್ತು. ಜಾನ್ ಬನಿಯನ್ನರ ಪ್ರಸಿದ್ಧ ಗ್ರಂಥವು "ಯಾತ್ರಿಕನ ಸಂಚಾರ"ವೆಂಬ ಹೆಸರಿನಿಂದ ಕನ್ನಡಕ್ಕೆ ಬಂದು, ಓದಬಲ್ಲ ಕ್ರೈಸ್ತರ ಮನೆಮಾತಾಯಿತು.

ಆ ಮೊದಲಿನವರಲ್ಲಿ ಒಂದು ಗುಣವಿತ್ತು. ಬರೆಯುವದಕ್ಕಿಂತ ಮುಂಚೆ ಅವರು ಕನ್ನಡವನ್ನು ಕಲಿತರು. 1853ರಲ್ಲಿ ಬಂದ ಕಿಟ್ಟೆಲರು 1894ರಲ್ಲಿ ಮಹಾ ನಿಘಂಟನ್ನು ಪ್ರಕಟಿಸಿದರೆಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ ಅದೇ ಕಿಟ್ಟೆಲರು "ಕಥಾಮಾಲೆ"ಯಲ್ಲಿ ಯೇಸುಕ್ರಿಸ್ತನ ಚರಿತ್ರೆಯನ್ನು ನಮ್ಮ ಕನ್ನಡ ಛಂದಸ್ಸಿನಲ್ಲಿ ಹಾಡಿದರೆಂಬದನ್ನು ಹಲವರು ಮರೆತಿದ್ದಾರೆ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನು ಭಾರತವನ್ನು ರಚಿಸಿದನೆಂದು ನಾವು ಹೆಮ್ಮೆಪಡುತ್ತೇವೆ. ಲಕ್ಷ್ಮೇಶ್ವರವೆಂಬ ಪುಲಿಗೆರೆಯು ತಿರುಳ್ಗನ್ನಡದ ಸೀಮೆಯೊಳಗಿನದು. ಇಂಥ ನೆಲದಲ್ಲಿ ಸುವಾರ್ತೆಯನ್ನು ಹೇಳುವವನು ಒಣ ಮಾತಿನಲ್ಲಿ ಹೇಳಿದರೆ ಜನರು ಕಿವಿಗೊಡರು.

ಹಾಗಾದರೆ ಸಭೆಯ ಹಿರಿಯರಾದವರ ಕೈಯಲ್ಲಿ ಯಾವ ಪುಸ್ತಕಗಳಿರಬೇಕು? ನಾವು ಐದನ್ನು ಹೇಳುತ್ತೇವೆ.

ಮೊದಲನೆಯದು ಸತ್ಯವೇದವೂ ಅದರ ಅರ್ಥವನ್ನು ಬಿಡಿಸುವ ವ್ಯಾಖ್ಯಾನವೂ. ವ್ಯಾಖ್ಯಾನವೇಕೆಂದು ಕೇಳುವವರಿಗೆ ಒಂದು ನಿದರ್ಶನವನ್ನು ಕೊಡುತ್ತೇವೆ. ಮತ್ತಾಯನ ಹದಿಮೂರನೆಯ ಅಧ್ಯಾಯದಲ್ಲಿಯ ಬಿತ್ತುವವನ ಸಾಮ್ಯವನ್ನು ಮುಂಡರಗಿಯ ಕಡೆಯ ಒಬ್ಬ ರೈತನಿಗೆ ಓದಿ ಹೇಳಿದಾಗ ಅವನು ನಕ್ಕು, "ದಾರ್ಯಾಗ, ಕಲ್ಲಾಗ, ಮುಳ್ಳಾಗ ಬೀಜ ಚೆಲ್ಲವನು ಎಂಥ ಒಕ್ಕಲಿಗರೀ?" ಎಂದನು. ಅವನ ಮಾತು ಸರಿಯೇ. ನಮ್ಮ ಎರೆ ಹೊಲದಲ್ಲಿ ಕೂರಿಗೆ ಕಟ್ಟಿ, ಸಾಲು ಹಿಡಿದು, ಬೀಜವನ್ನು ಮಣ್ಣಿನೊಳಕ್ಕೆ ಇಳಿಸುತ್ತಾರೆ. ಒಂದು ಕಾಳೂ ದಾರಿಗೆ ಬೀಳುವದಿಲ್ಲ. ಯೇಸುವಿನ ದೇಶದಲ್ಲಿಯಾದರೋ ಬೀಜವನ್ನು ಕೈಯಿಂದ ಎರಚಿ ಬಿತ್ತುವ ಪದ್ಧತಿಯಿತ್ತು. ಆದಕಾರಣ ಅದು ನಾಲ್ಕು ಕಡೆಗೂ ಬೀಳುತ್ತಿತ್ತು. ಇಷ್ಟನ್ನು ತಿಳಿಸಿದ ಕೂಡಲೇ ಆ ರೈತನು ಸ್ವಲ್ಪ ಯೋಚಿಸಿ, "ಹಂಗಂದ್ರ ದೇವ್ರು ಹೊಲ ನೋಡಿ ಬಿತ್ತೂದಿಲ್ಲ, ಎಲ್ಲಾರಿಗೂ ಬಿತ್ತತಾನ ಅನ್ರಿ" ಎಂದನು. ಆ ದಿವಸ ನಾವು ಕಲಿಸಹೋಗಿ ಕಲಿತುಬಂದೆವು. ಅರ್ಥವನ್ನರಿಯದ ಹಿರಿಯನು ರೈತನ ನಗೆಗೆ ಉತ್ತರವಿಲ್ಲದೆ ಸುಮ್ಮನಾಗುತ್ತಿದ್ದನು, ಇಲ್ಲವೆ ಸಿಟ್ಟಾಗುತ್ತಿದ್ದನು.

ಎರಡನೆಯದು ಪ್ರಶ್ನೋತ್ತರಗಳ ಪುಸ್ತಕ. ದಶಾಜ್ಞೆಗಳು, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ದೀಕ್ಷಾಸ್ನಾನ, ಕರ್ತನ ಭೋಜನ ಇವುಗಳ ಬೋಧೆಯನ್ನು ಮಾರ್ಟಿನ್ ಲೂಥರರು 1529ರಲ್ಲಿ ಸಣ್ಣ ಪ್ರಶ್ನೋತ್ತರದಲ್ಲಿ ಅಡಕಮಾಡಿದರು. ಅವರು ಅದನ್ನು ಬರೆದದ್ದಕ್ಕೆ ಕಾರಣವು ಗಮನಿಸತಕ್ಕದ್ದು: ಹಳ್ಳಿಯ ಸಭೆಗಳನ್ನು ಸಂದರ್ಶಿಸಲು ಹೋದಾಗ ಜನರೂ ಹಲವು ಬೋಧಕರೂ ನಂಬಿಕೆಯ ಮೊದಲ ಪಾಠಗಳನ್ನು ಸಹ ಅರಿಯದಿರುವದನ್ನು ಕಂಡು ನೊಂದರು. ಆ ಚಿಕ್ಕ ಪುಸ್ತಕವನ್ನು ಮನೆಯ ಯಜಮಾನನು ತನ್ನ ಮನೆಯವರಿಗೆ ಕಲಿಸಲೆಂದು ಉದ್ದೇಶಿಸಿದರು. ಬಾಯಿಪಾಠವು ಗಿಳಿಪಾಠವೆಂದು ಈಗ ಕೆಲವರು ಹಳಿಯುವದುಂಟು. ಅರ್ಥವಿಲ್ಲದ ಬಾಯಿಪಾಠವನ್ನು ನಾವೂ ಮೆಚ್ಚೆವು. ಆದರೆ ಚಿಕ್ಕಂದಿನಲ್ಲಿ ನಾಲಿಗೆಗೆ ಬಂದದ್ದು ಕಷ್ಟಕಾಲದಲ್ಲಿ ಹೃದಯಕ್ಕೆ ಇಳಿಯುತ್ತದೆಂಬದನ್ನು ರೋಗಿಗಳ ಹಾಸಿಗೆಯ ಬಳಿಯಲ್ಲಿ ಕಂಡಿದ್ದೇವೆ.

ಮೂರನೆಯದು ಆರಾಧನಾಕ್ರಮವೂ ಸಂಗೀತಪುಸ್ತಕವೂ. ಇದರ ಅವಶ್ಯಕತೆಯನ್ನು ಮೇಲಿನ ಸಂಗತಿಯೇ ಸಾರುತ್ತದೆ.

ನಾಲ್ಕನೆಯದು ಸಭೆಯ ಚರಿತ್ರೆ. 1947ನೆಯ ಸಪ್ಟೆಂಬರ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾದಾಗ, ಬೇರೆಬೇರೆ ಪರಂಪರೆಯವರು ಒಂದೇ ಮೇಜಿನ ಸುತ್ತ ಕೂಡಿದರು. 1970ರಿಂದ ಧಾರವಾಡವು ಉತ್ತರ ಕರ್ನಾಟಕದ ಧರ್ಮಪ್ರಾಂತದ ಕೇಂದ್ರವಾಗಿದೆ. ಈ ಐಕ್ಯಕ್ಕೆ ಎಷ್ಟು ವರ್ಷಗಳ ಪ್ರಾರ್ಥನೆಯೂ ತಾಳ್ಮೆಯೂ ಬೇಕಾದವೆಂದು ಓದಿ ತಿಳಿದವನು, ಪೀಠದ ಮೇಲಿನ ಕುರ್ಚಿಗಾಗಿ ಸಭೆಯನ್ನು ಒಡೆಯಲು ಹಿಂಜರಿಯುವನು.

ಐದನೆಯದು, ಕೇಳಿದರೆ ಕೆಲವರು ಆಶ್ಚರ್ಯಪಡಬಹುದು, ಲೆಕ್ಕದ ಪುಸ್ತಕ. ಕೀರ್ದಿ ಬರೆಯುವದನ್ನೂ ನಿಯಮಾವಳಿಯನ್ನು ಓದುವದನ್ನೂ ಹಿರಿಯರು ಕಲಿಯಬೇಕು. ಗದಗಕ್ಕೆ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿ ನಾಡಿಗೆಲ್ಲ ದಾರಿ ತೋರಿಸಿದರು. ರೈತರು ಒಬ್ಬರ ಹಣವನ್ನೊಬ್ಬರು ನಂಬುವದಕ್ಕೆ ಸಾಧನವಾದದ್ದು ಎಲ್ಲರೆದುರಿಗೆ ತೆರೆದಿಟ್ಟ ಲೆಕ್ಕವೇ. ಸುಗ್ಗಿಯ ಹಬ್ಬದಲ್ಲಿ ಬಡವಳು ತಂದಿಟ್ಟ ಸೇರು ಜೋಳಕ್ಕೆ ಅಷ್ಟು ಮರ್ಯಾದೆಯಾದರೂ ಸಭೆಯಲ್ಲಿ ಬೇಡವೇ?

ಇವುಗಳಲ್ಲದೆ, ನೆರೆಹೊರೆಯವರ ಗ್ರಂಥಗಳನ್ನೂ ಓದಬೇಕೆಂದು ನಮ್ಮ ಮತ. ಇದಕ್ಕೆ ಉತ್ತಂಗಿ ಚನ್ನಪ್ಪನವರೇ ಸಾಕ್ಷಿ. ಅವರು ಬಾಸೆಲ್ ಮಿಶನ್ನಿನ ಸಭಾಪಾಲಕರು. ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅಧ್ಯಕ್ಷರಾದರು. ತ್ರಿಪದಿಯನ್ನೂ ಶರಣರ ವಚನಗಳನ್ನೂ ಪ್ರೀತಿಸಿದ್ದರಿಂದ ಅವರ ಸೇವೆಯು ಕುಂದಲಿಲ್ಲ. ನೆರೆಯವರ ಮಾತನ್ನು ಅರಿತವರೆಂದು ಎಲ್ಲರೂ ಅವರಿಗೆ ಕಿವಿಗೊಟ್ಟರು.

ಇನ್ನು ನಮ್ಮ ಹೆಣ್ಣುಮಕ್ಕಳ ಮಾತಿಗೆ ಬರುತ್ತೇವೆ. "ಹುಡುಗಿಗೆ ಇಷ್ಟೆಲ್ಲಾ ಯಾಕ್ರೀ ಅಕ್ಕಾರ? ಆಕೀ ಏನ್ ಪಾದ್ರಿ ಆಗತಾಳೇನು?" ಎಂದು ಒಬ್ಬ ಪಾಲಕರು ನಮ್ಮನ್ನು ಕೇಳಿದರು. ಅಪೊಸ್ತಲರ ಕೃತ್ಯಗಳ ಹದಿನೆಂಟನೆಯ ಅಧ್ಯಾಯವನ್ನು ತೆರೆದು ನೋಡಿರೆಂದು ನಾವು ಅವರಿಗೆ ಹೇಳಿದೆವು. ಅಪೊಲ್ಲೋಸನು ವಾಕ್ಚತುರನು, ಶಾಸ್ತ್ರಬಲ್ಲವನು. ಆದಾಗ್ಯೂ ಅವನನ್ನು ತಮ್ಮ ಬಳಿಗೆ ಕರೆದುಕೊಂಡು ದೇವರ ಮಾರ್ಗವನ್ನು ಇನ್ನೂ ಸ್ಪಷ್ಟವಾಗಿ ತಿಳಿಸಿದವರು ಪ್ರಿಸ್ಕಿಲ್ಲಳೂ ಆಕೆಯ ಗಂಡನಾದ ಅಕ್ವಿಲನೂ. ನಮ್ಮ ಕಾಲದಲ್ಲಿಯೂ ದಕ್ಷಿಣ ಭಾರತ ಸಭೆಯು 1976ರಲ್ಲಿ ಸ್ತ್ರೀಯೊಬ್ಬರಿಗೆ ಗುರುದೀಕ್ಷೆಯನ್ನು ಕೊಟ್ಟಿತು. 2013ರಲ್ಲಿ ನಂದ್ಯಾಲದ ಧರ್ಮಪ್ರಾಂತಕ್ಕೆ ಪುಷ್ಪಲಲಿತಾ ಅವರು ಬಿಷಪ್ಪರಾದರು. ಪ್ರತಿಯೊಬ್ಬ ಹುಡುಗಿಯೂ ಪಾದ್ರಿಯಾಗಬೇಕೆಂದು ನಾವು ಹೇಳುವದಿಲ್ಲ. ಆದರೆ ಪ್ರತಿಯೊಬ್ಬಳೂ ಒಂದು ಮನೆಯಲ್ಲಿ, ಒಂದು ಓಣಿಯಲ್ಲಿ, ಒಂದು ರವಿವಾರ ಶಾಲೆಯಲ್ಲಿ ಮುಂದಾಳಾಗುವಳು. ಅವಳ ಪೆಟ್ಟಿಗೆಯಲ್ಲಿ ಏನಿರುವದೋ ಅದೇ ಆ ಮನೆಯಲ್ಲಿಯೂ ಇರುವದು.

ಓದುವ ಕ್ರಮವನ್ನೂ ಸಂಕ್ಷೇಪವಾಗಿ ಹೇಳುತ್ತೇವೆ. ಒಬ್ಬರೇ ಓದಿ ಮುಚ್ಚಿಡಬೇಡಿರಿ. ವಾರಕ್ಕೊಂದು ಸಂಜೆ ನಾಲ್ವರು ಕೂಡಿರಿ. ಓದಬಲ್ಲವರು ಒಂದು ಪುಟವನ್ನು ನಿಧಾನವಾಗಿ ಓದಲಿ, ಅಕ್ಷರ ಬಾರದವರು ಮೊದಲು ಮಾತಾಡಲಿ. ಈ ಪುಟವು ದೇವರ ವಿಷಯವಾಗಿ ಏನು ಹೇಳುತ್ತದೆ? ನಮ್ಮ ಊರಿನಲ್ಲಿ ಇದರಂತೆ ಯಾವದನ್ನು ಕಂಡಿದ್ದೇವೆ? ನಾಳೆ ನಾವು ಏನು ಮಾಡಬೇಕು? ಈ ಮೂರು ಪ್ರಶ್ನೆಗಳು ಸಾಕು.

ಕಡೆಯದಾಗಿ ಒಂದು ಬೇಡಿಕೆ. ನಿಮ್ಮ ಮನೆಗಳ ಅಟ್ಟದ ಮೇಲೆ ಅಜ್ಜ ಅಜ್ಜಿಯರ ಹಳೇ ಸಂಗೀತಪುಸ್ತಕಗಳೂ ಪ್ರಶ್ನೋತ್ತರಗಳೂ ಇರಬಹುದು. ಗೆದ್ದಲಿಗೆ ಬಿಡದೆ ಅವನ್ನು ಕೆಳಗಿಳಿಸಿರಿ; ಬಿಸಿಲಿಗೆ ಹಾಕಿ, ಬೇವಿನೆಲೆಯನ್ನಿಟ್ಟು, ರಟ್ಟು ಕಟ್ಟಿಸಿರಿ. ನಿಮಗೆ ಬೇಡವಾದವನ್ನು ಶಾಲೆಗೆ ತಂದುಕೊಟ್ಟರೆ, ಪೆಟ್ಟಿಗೆ ಪೆಟ್ಟಿಗೆಯಾಗಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹಳ್ಳಿಗಳಿಗೆ ಸರತಿಯ ಮೇಲೆ ಕಳುಹಿಸುವೆವು. ಆ ಹಿರಿಯನ ಹಳ್ಳಿಗೆ ಮೊದಲನೆಯ ಪೆಟ್ಟಿಗೆಯು ಹೋಗುವದು. ಮುಂದಿನ ಮಳೆಗಾಲಕ್ಕೆ ಹಳ್ಳವು ತುಂಬದೆ ಇರದು. ಅಷ್ಟರೊಳಗೆ ಪುಸ್ತಕವು ಆಚೆಯ ದಡವನ್ನು ಸೇರಿರಲಿ. ದೇವರು ನಿಮ್ಮ ಮನೆಗಳನ್ನು ಆಶೀರ್ವದಿಸಲಿ.