ಆನ್ ಮಾಡಿದಾಗಲೆಲ್ಲ ಅದೇ ಎರರ್?

ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ‘ರನ್‌ಡಿಎಲ್‌ಎಲ್’ ಎಂಬ ತಲೆಬರಹದ ಪುಟ್ಟ ಕಿಟಕಿ ತೆರೆದು, ಯಾವುದೋ ಫೈಲ್ ಸಿಗುತ್ತಿಲ್ಲ ಎನ್ನುತ್ತಿದೆಯೇ? ಗಾಬರಿ ಬೇಡ. ಹಾಗೆಂದು ಓಕೆ ಒತ್ತಿ ಸುಮ್ಮನಾಗುವುದೂ ಬೇಡ. ಮೊದಲು ಆ ಫೈಲಿನ ಹೆಸರು ಬರೆದುಕೊಳ್ಳಿ.

ಸಾಮಾನ್ಯವಾಗಿ ಆಗಿರುವುದು ಇಷ್ಟೇ: ನೀವು ಕಿತ್ತುಹಾಕಿದ ಸಾಫ್ಟ್‌ವೇರ್‌ನದೋ, ಆಂಟಿವೈರಸ್ ಅಳಿಸಿದ ವೈರಸ್‌ನದೋ ಫೈಲ್ ಹೋಗಿದೆ, ಅದನ್ನು ಶುರು ಮಾಡಬೇಕೆಂಬ ಆದೇಶ ಮಾತ್ರ ವಿಂಡೋಸ್‌ನಲ್ಲಿ ಉಳಿದಿದೆ. ಮನೆ ಖಾಲಿ ಮಾಡಿ ಹೋದವರ ಹೆಸರಿಗೆ ಕಾಗದ ಬರುತ್ತಲೇ ಇರುವ ಹಾಗೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸ್ಟಾರ್ಟ್‌ಅಪ್ ವಿಭಾಗದಲ್ಲಿ ಆ ಹೆಸರಿದ್ದರೆ ಡಿಸೇಬಲ್ ಮಾಡಿ. ಅಲ್ಲಿಲ್ಲದಿದ್ದರೆ ಟಾಸ್ಕ್ ಶೆಡ್ಯೂಲರ್ ನೋಡಿ. ಎರಡರಲ್ಲೂ ಸಿಗದಿದ್ದರೆ ಮೈಕ್ರೋಸಾಫ್ಟ್‌ನ ‘ಆಟೋರನ್ಸ್’ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಫೈಲ್ ಇಲ್ಲದ ನಮೂದುಗಳನ್ನು ಅದು ಹಳದಿ ಬಣ್ಣದಲ್ಲಿ ತೋರಿಸುತ್ತದೆ. ಡಿಲೀಟ್ ಮಾಡದೆ ಟಿಕ್ ಗುರುತು ಮಾತ್ರ ತೆಗೆದರೆ, ತಪ್ಪಾದರೂ ಮತ್ತೆ ಹಾಕಬಹುದು. ಕೊನೆಗೊಮ್ಮೆ ಆಂಟಿವೈರಸ್‌ನಿಂದ ಫುಲ್ ಸ್ಕ್ಯಾನ್ ಮಾಡಿಸಿ.

ಕಳೆದ ಫೈಲನ್ನು ಕಂಡ ಕಂಡ ವೆಬ್‌ಸೈಟಿನಿಂದ ಇಳಿಸಿಕೊಳ್ಳಬೇಡಿ. ಅದರ ಜೊತೆಗೇ ಹೊಸ ವೈರಸ್ ಬರಬಹುದು. ಇನ್ನು, ‘ಈ ನಂಬರಿಗೆ ಕರೆ ಮಾಡಿ’ ಎಂದು ಹೆದರಿಸುವ ಸಂದೇಶ ಬಂದರೆ ಅದು ಎರರ್ ಅಲ್ಲ, ಮೋಸ. ಆ ನಂಬರಿಗೆ ಫೋನ್ ಮಾಡಲೇಬೇಡಿ.